ತಾರ್ವಾನನ ಗಾಡಿಯ ಸದ್ದು

ಕಸ್ದುನ್‌ನ ಅಪ್ಪ ಅನ್ನ ಬೇಯಿಸುವ ತಾಮ್ರದ ಹಂಡೆ ಬಡಿಯುತ್ತಿದ್ದ. ಹಂಡೆ ಕೊಳ್ಳುವವರು ಕಡಿಮೆಯಾದ ಮೇಲೆ ಮಗ ಅದೇ ಸುತ್ತಿಗೆಯಲ್ಲಿ ಮೋಟರ್ ಸೈಕಲ್ಲಿನ ಸೈಲೆನ್ಸರ್ ಬಡಿಯತೊಡಗಿದ. ಪುರ್ಬಾಲಿಂಗ್ಗಾ ಪಟ್ಟಣದ ನಮ್ಮ ಓಣಿಯಲ್ಲಿ ಆಗ ಹೆಚ್ಚುಕಡಿಮೆ ಎಲ್ಲರದ್ದೂ ಅದೇ ಕಸುಬು. ಓಣಿಯ ಬಾಯಲ್ಲಿ, ಸೋಯಾ ಬಿಲ್ಲೆಗಳನ್ನು ಹಿಟ್ಟಿನಲ್ಲಿ ಅದ್ದಿ ಮೆಂದೋವಾನ್ ಕರಿಯುವ ಬಂಡಿ ನನ್ನದು. ಅಲ್ಲಿಂದ ಅವನ ಅಂಗಳ ನೇರ ಕಾಣುತ್ತಿತ್ತು.

ಅಣ್ಣ ಎಂಬರ್ಥದಲ್ಲಿ 'ಕಾಂಗ್' ಎನ್ನುತ್ತ, ಸದ್ದು ಮಾಡುವ ಸೈಲೆನ್ಸರ್ ಕೇಳಿಕೊಂಡು ಬರುವ ಪಡ್ಡೆ ಹುಡುಗರೆಂದರೆ ಅವನಿಗೆ ತಮಾಷೆ.

"ಕಾಂಗ್, ನನ್ನ ಗಾಡಿ ಸದ್ದು ಕೇಳಿದ್ರೆ ಹುಡುಗೀರೆಲ್ಲ ಬಾಗಿಲಿಗೆ ಬರ್ಬೇಕು."

"ಹುಡುಗೀರು ಬರ್ತಾರೋ ಇಲ್ವೋ, ಪೊಲೀಸ್ನೋರಂತೂ ಬರ್ತಾರೆ ಮಾರಾಯ."

ಆಮೇಲೆ ತಿಳಿಹೇಳುತ್ತಿದ್ದ. ಸದ್ದು ತಡೆಯುವ ಒಳಗಿನ ಅಡ್ಡತಟ್ಟೆ ತೆಗೆದು ಕೊಳವೆ ಅಗಲ ಮಾಡಿದರೆ ಹೊಗೆ ಸಲೀಸಾಗಿ ಹೋಗುತ್ತದೆ, ಗಾಡಿ ಓಟದಲ್ಲಿದ್ದಾಗ ಒಂಚೂರು ಹುರುಪು ಬರುತ್ತದೆ, ನಿಜ. ಆದರೆ ನಿಧಾನದಲ್ಲಿ ಎಳೆಯುವ ಶಕ್ತಿ ಕುಂದುತ್ತದೆ. ಅದನ್ನು ಸರಿದೂಗಿಸಲು ಕಾರ್ಬುರೇಟರಿನ ತಿರುಪು ತಿರುಗಿಸಿದರೆ ಪೆಟ್ರೋಲ್ ಖರ್ಚು. "ಕೂಗಾಡೋನೆಲ್ಲ ಬಲಶಾಲಿ ಅಲ್ಲ," ಎನ್ನುತ್ತಿದ್ದ. ಹುಡುಗರು ತಲೆಯಾಡಿಸಿ, ಸದ್ದಿನದ್ದನ್ನೇ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಅವನಿಗೂ ಹೆಂಡತಿ ಸುಪಾರ್ತಿಗೂ ಒಬ್ಬನೇ ಮಗ, ತಾರ್ವಾನ್. ಅಂಗಡಿಗಳಿಗೆ ಸಾಮಾನು ತಲುಪಿಸುವ ಕೆಲಸಕ್ಕೆಂದು ಹಳೆಯದೊಂದು ಗಾಡಿ ಕೊಂಡಾಗ ಅವನೂ ಅಪ್ಪನ ಮುಂದೆ ನಿಂತ.

"ನಂಗೂ ಒಂದು ಮಾಡ್ಕೊಡಪ್ಪ. ಕಿರುಚಬಾರದು, ಗಂಭೀರವಾಗಿರ್ಬೇಕು."

"ಚಡಾವು ಹತ್ತುವಾಗ ಸೊರಗುತ್ತೆ ಕಣೋ. ಪೆಟ್ರೋಲೂ ಜಾಸ್ತಿ ಕುಡಿಯುತ್ತೆ."

"ಅದು ಕುಡೀಲಿ ಬಿಡಪ್ಪ. ನಾನಂತೂ ಕುಡಿಯಲ್ವಲ್ಲ."

ಗಿರಾಕಿಗಳಿಗೆ ಬೆಳಗ್ಗೆ ಹಿಡಿದು ಸಂಜೆಗೆ ಕೊಡುತ್ತಿದ್ದವನು ಮಗನ ಸೈಲೆನ್ಸರನ್ನು ದಿನಗಟ್ಟಲೆ ಬೆಸೆದ, ಕತ್ತರಿಸಿದ, ಮತ್ತೆ ಬೆಸೆದ. ಒಳಗಿನ ಕೊಳವೆಗೆ ತೂತು ಹೊಡೆದು, ಸುತ್ತ ಸದ್ದು ಹೀರುವ ಗಾಜಿನ ಹತ್ತಿ ಸುತ್ತಿ, ಸಾಲದೆಂದು ಬಿಚ್ಚಿ ಇನ್ನಷ್ಟು ಸುತ್ತಿದ. ಕೊನೆಗೆ ಹೊರಟ ಸದ್ದು ಬೆಟ್ಟದ ಆಚೆ ಗುಡುಗು ಉರುಳಿದಂತಿತ್ತು. ಸುಪಾರ್ತಿ ಮಾತ್ರ, "ಎಮ್ಮೆ ಗೊರಕೆ ಹೊಡೆದ ಹಾಗಿದೆ," ಎಂದು ನಕ್ಕಳು. ಆದರೆ ಆ ಗೊರಕೆ ದೊಡ್ಡ ರಸ್ತೆಯ ತಿರುವಿನಲ್ಲಿ ಕೇಳಿಸಿದ್ದೇ ತಡ, ಮಗನಿಗೆಂದು ಚಹಾಕ್ಕೆ ನೀರು ಇಡುತ್ತಿದ್ದಳು.

ಆ ವರ್ಷದ ಮಳೆಗಾಲದಲ್ಲಿ ತಾರ್ವಾನ್‌ಗೆ ಡೆಂಗಿ ಬಂತು. ಬರೀ ಜ್ವರವೆಂದು ಮನೆಯಲ್ಲೇ ಮಲಗಿದ್ದ. ಆಸ್ಪತ್ರೆಗೆ ಸೇರಿಸುವಾಗ ಮಾತಾಡುತ್ತಿದ್ದವನು ಮನೆಗೆ ಬಂದದ್ದು ಬಿಳಿ ಬಟ್ಟೆಯಲ್ಲಿ. ನಲವತ್ತನೆಯ ದಿನದ ಪ್ರಾರ್ಥನೆ ಮುಗಿಯಿತು. ಅಂಗಳದಲ್ಲಿ ನಿಂತಿದ್ದ ಗಾಡಿಯನ್ನು ನೋಡಲಾರದೆ ಕಸ್ದುನ್ ಅದನ್ನು ರಸ್ಮಿನ್ ಎಂಬವನಿಗೆ ಮಾರಿದ. ರಸ್ಮಿನ್ ಬೆಟ್ಟದ ಮೇಲಿನ ಊರಿನವನು, ಕೋಸು ಹೇರಿಕೊಂಡು ದಿನಾ ಮುಂಜಾನೆ ನಮ್ಮ ಓಣಿಯ ಮುಂದೆಯೇ ಮಾರುಕಟ್ಟೆಗೆ ಹೋಗುವವನು.

ಹಾಗಾಗಿ ಸದ್ದು ಮತ್ತೆ ಬಂತು. ಮುಂಜಾನೆ ಮಸೀದಿಯ ಬಾಂಗ್ ಮುಗಿದು ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಗುಡುಗು ಉರುಳುತ್ತಿತ್ತು. ಸುಪಾರ್ತಿ ಕೈಯಲ್ಲಿದ್ದುದನ್ನು ಕೆಳಗಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಸದ್ದು ದೂರವಾಗುವ ತನಕ ಅಲುಗುತ್ತಿರಲಿಲ್ಲ. ಕಸ್ದುನ್ ಅಂಗಳದಲ್ಲಿ ಕೈಯ ಕೆಲಸ ನಿಲ್ಲಿಸಿ ನೆಲ ನೋಡುತ್ತಿದ್ದ.

ಒಂದು ದಿನ ನನ್ನ ಬಂಡಿಯ ಹತ್ತಿರ ಬಂದು ಕೂತ. "ದಿನಾ ಗಾಯ ಕೆರೆದ ಹಾಗಾಗ್ತಿದೆ ಮಿನಾ. ಅವಳ ಮುಖ ನೋಡೋಕಾಗಲ್ಲ."

ಮರುದಿನ ರಸ್ಮಿನ್‌ನನ್ನು ರಸ್ತೆಯಲ್ಲೇ ತಡೆದು, "ಗಾಡಿಗೆ ಬೇರೆ ಸೈಲೆನ್ಸರ್ ಹಾಕ್ಕೊಡ್ತೀನಿ, ಪುಕ್ಕಟೆ," ಎಂದ.

"ಪುಕ್ಕಟೆ?" ರಸ್ಮಿನ್ ಕಣ್ಣು ಕಿರಿದು ಮಾಡಿದ. "ಯಾಕೆ ಕಾಂಗ್, ಇದ್ರಲ್ಲಿ ಏನಾದ್ರೂ ಐಬಿದ್ಯಾ?"

"ಐಬು ನಂದು. ಕೊಡು."

ಅಂದೇ ಹಳೆಯದನ್ನು ಬಿಚ್ಚಿ, ಅಡ್ಡತಟ್ಟೆಗಳಿದ್ದ ಕಿರಿದಾದ ಹೊಸದನ್ನು ಕೂರಿಸಿ, ಕಾರ್ಬುರೇಟರನ್ನೂ ಸರಿಮಾಡಿ ಕಳಿಸಿದ. ಸುಪಾರ್ತಿ ಆಗ ತಂಗಿಯ ಮನೆಗೆ ಹೋಗಿದ್ದಳು.

ಆಮೇಲಿನ ದಿನಗಳಲ್ಲೂ ಅವಳು ಮುಂಜಾನೆ ಬಾಗಿಲಿಗೆ ಬರುತ್ತಿದ್ದಳು. ಬೆಳಕು ಹರಿಯುವ ತನಕ ನಿಂತು ಒಳಗೆ ಹೋಗುತ್ತಿದ್ದಳು. ಕೊನೆಗೆ ನನ್ನ ಬಂಡಿಯ ತನಕ ಬಂದಳು.

"ಮಿನಾ, ಆ ಕೋಸಿನೋನಿಗೆ ಹುಷಾರಿಲ್ವಾ? ಯಾಕೋ ಗಾಡಿ ಸದ್ದೇ ಕೇಳಿಸ್ತಿಲ್ಲ."

ಅವನು ಅವಳಿಗೆ ಹೇಳದೇ ಸೈಲೆನ್ಸರ್ ಬದಲಿಸಿದ್ದಾನೆಂದು ನನಗೆ ಗೊತ್ತಿರಲಿಲ್ಲ. "ಈಗ ತಾನೇ ಹೋದ್ನಲ್ಲ ಅಕ್ಕ, ನಿನ್ನ ಕಣ್ಮುಂದೇನೇ," ಎಂದುಬಿಟ್ಟೆ.

ಅವಳು ರಸ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತಿರುಗಿ ಸೀದಾ ಗಂಡನ ಮುಂದೆ ಹೋಗಿ ನಿಂತಳು. ಅವಳು ದನಿ ಏರಿಸಲಿಲ್ಲ. ಸುತ್ತಿಗೆಗಳು ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ಎಲ್ಲ ಕೇಳಿಸಿತು.

"ಆ ಸದ್ದು ನೀವೇನಾ ತೆಗೆದಿದ್ದು?"

"ನೀನು ದಿನಾ ಸಂಕಟ ಪಡ್ತಿದ್ದೆ…"

"ಅದೊಂದು ಗಳಿಗೆ ಅವನು ಬಂದ ಹಾಗಿರ್ತಿತ್ತು ನಂಗೆ. ಅದಕ್ಕೇ ಏಳ್ತಿದ್ದೆ ನಾನು. ನಿಮಗೆ ಕೇಳೋಕಾಗ್ತಿರಲಿಲ್ಲ ಅಂತ ಹೇಳಿ. ನನ್ನ ನೆಪ ಹೇಳ್ಬೇಡಿ."

ಅವನು ಮೂಲೆಯಲ್ಲಿ ಇಟ್ಟಿದ್ದ ಹಳೆಯ ಸೈಲೆನ್ಸರನ್ನು ಹೊರಗೆ ತೆಗೆದ.

ಆ ಮಧ್ಯಾಹ್ನವೇ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಬೆಟ್ಟ ಹತ್ತಿದ. ರಸ್ಮಿನ್ ಚಾಪೆ ಹಾಸಿ ಕಾಫಿ ಕೊಟ್ಟ, ಬಾಯ್ತುಂಬ ಹೊಗಳಿದ. "ಎಂಥಾ ಕೈ ಕಾಂಗ್ ನಿಂದು! ಮೊದಲು ಆ ಚಡಾವಲ್ಲಿ ಇಳಿದು ತಳ್ತಿದ್ದೆ. ಈಗ ಗೊಬ್ಬರದ ಮೂಟೆ ಹೇರಿದ್ರೂ ಎರಡನೇ ಗೇರಲ್ಲೇ ಹತ್ತುತ್ತೆ. ಪೆಟ್ರೋಲೂ ಉಳೀತಿದೆ."

ಕಸ್ದುನ್ ಗೋಣಿ ಬಿಚ್ಚಿ, ಬಂದ ಕಾರಣ ಹೇಳಿದ. ರಸ್ಮಿನ್ ಬಾಗಿಲ ಕಡೆ ತಿರುಗಿ ನೋಡಿದ. ಒಳಗೆ ತೊಟ್ಟಿಲಿನಲ್ಲಿ ಕೂಸು ಮಲಗಿತ್ತು.

"ಬೇಜಾರು ಮಾಡ್ಕೋಬೇಡ ಕಾಂಗ್. ನಾನು ಗಾಡಿ ತೆಗೆದಾಗೆಲ್ಲ ಇದು ಬೆಚ್ಚಿಬಿದ್ದು ಅಳ್ತಿತ್ತು. ಈಗ ಬೆಳಗಾಗೋತನಕ ಮಲಗುತ್ತೆ."

ಕಸ್ದುನ್ ಮತ್ತೆ ಕೇಳಲಿಲ್ಲ. ಕಾಫಿ ಕುಡಿದು, ಕೂಸಿನ ತಲೆ ಮುಟ್ಟಿ ಬಂದ.

ಆಮೇಲೆ ಅವನು ಇನ್ನೊಂದು ಉಪಾಯ ಹೂಡಿದ. ಆ ಸೈಲೆನ್ಸರನ್ನು ತನ್ನದೇ ಚಿಕ್ಕ ಗಾಡಿಗೆ ಬೆಸೆದು ಕೂರಿಸಿದ. ಸದ್ದಿನಲ್ಲಿ ಸೈಲೆನ್ಸರಿನದು ಅರ್ಧ, ಎಂಜಿನ್‌ದು ಅರ್ಧ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಗೊತ್ತಿದ್ದೂ ಮುಂಜಾನೆ ಗಾಡಿಯನ್ನು ದೂರದ ತನಕ ತಳ್ಳಿಕೊಂಡು ಹೋಗಿ, ಅಲ್ಲಿ ಚಾಲೂ ಮಾಡಿ, ರಸ್ತೆಯಲ್ಲಿ ಹಾದು ಹೋದ. ಹೊರಟಿದ್ದು ಒಡೆದ ಮಡಕೆಯ ಸದ್ದು. ಸುಪಾರ್ತಿ ಬಾಗಿಲಿಗೆ ಬಂದಳು. ಅವನು ವಾಪಸು ಬಂದು ಗಾಡಿ ನಿಲ್ಲಿಸುವ ತನಕ ಕಾದಳು.

"ಇದು ನಿಮ್ಮ ಗಾಡಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಅಂದಿನಿಂದ ಅವಳು ಬಾಗಿಲಿಗೆ ಬರುವುದು ನಿಂತಿತು. ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಅವನ ಜೊತೆ ಮಾತಿಲ್ಲ. ಅವನು ಬಡಿಯುತ್ತಲೇ ಇದ್ದ. ಆದರೆ ಗಿರಾಕಿಗಳೊಂದಿಗೆ ಹರಟೆ ಹೋಯಿತು. ಕೇಳಿದ್ದನ್ನು ಮಾಡಿ ಕೊಟ್ಟು ಕಳಿಸುತ್ತಿದ್ದ.

ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಒಮ್ಮೆ ಉದ್ದದ ಕೊಳವೆಯೊಂದನ್ನು ಬೆಸೆಯುತ್ತಿದ್ದ. ಅಂಥದಕ್ಕೆ ಇಬ್ಬರು ಬೇಕು. ಹಿಂದೆಲ್ಲ ಮಗ ಹಿಡಿಯುತ್ತಿದ್ದ. ಕೊಳವೆ ಜಾರಿ ಜಾರಿ ಬೀಳುವುದನ್ನು ಅಡುಗೆಮನೆಯಿಂದ ನೋಡಿದ ಸುಪಾರ್ತಿ ಕೈ ಒರೆಸಿಕೊಂಡು ಬಂದು ಇನ್ನೊಂದು ತುದಿ ಹಿಡಿದಳು. ಅವನು ತಲೆಯೆತ್ತಲಿಲ್ಲ.

"ಕಿಡಿ ಹಾರುತ್ತೆ. ಕಣ್ಣು ಆಚೆ ತಿರುಗಿಸ್ಕೋ."

"ತಿರುಗಿಸ್ಕೊಂಡಿದ್ದೀನಿ. ನೀವು ಬೆಸೀರಿ," ಎಂದಳು.