ಜಾಗ ಕೊಟ್ಟವರ ಸಾಲು

ನಮ್ಮ ಮನೆಯವರ ಹೆಸರು ನಂಜುಂಡಸ್ವಾಮಿ. ಹುಣಸೂರಿನಿಂದ ಹಿಡಿದು ಎಚ್.ಡಿ. ಕೋಟೆಯವರೆಗೆ ಎಲ್ಲರ ಬಾಯಲ್ಲೂ ನಂಜಣ್ಣ. ದಾನಿಗಳ ಗೋಡೆ ಮಾಡುವುದು ಇವರ ಕಸುಬು. ಆಸ್ಪತ್ರೆಯೋ, ಶಾಲೆಯೋ, ಸಮುದಾಯ ಭವನವೋ, ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಗೋಡೆ ತುಂಬ ಹೆಸರುಗಳಿರುತ್ತವಲ್ಲ, ಅದು. ನಾನು ಸುಕನ್ಯ, ಅಂಗಡಿಯ ಕಂಪ್ಯೂಟರ್ ಮುಂದೆ ಕೂತು ಆ ಹೆಸರುಗಳನ್ನು ಟೈಪ್ ಮಾಡುವವಳು. ನಮ್ಮವರಂಥ ನಿಯತ್ತಿನ ಮನುಷ್ಯ ಇಲ್ಲ ಎಂದು ಇಪ್ಪತ್ತು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಈಗ ಹೇಳುವುದಿಲ್ಲ. ಕೆಟ್ಟವರು ಅನ್ನುವುದಕ್ಕೂ ನಾಲಿಗೆ ಹೊರಳುವುದಿಲ್ಲ, ಹಾಳಾದ್ದು.

ಕೆಲಸದಲ್ಲಿ ಮಾತ್ರ ಎರಡು ಮಾತಿಲ್ಲ. ಬೇರೆಯವರು ಒಂದು ಕರಿಕಲ್ಲು ತಂದು, ಮೇಲಿನಿಂದ ಕೆಳಗೆ ಹೆಸರು ತುರುಕಿ ಕೈ ತೊಳೆದುಕೊಳ್ಳುತ್ತಾರೆ. ಇವರು ಮೊದಲು ಆ ಖಾಲಿ ಗೋಡೆಯ ಮುಂದೆ ಅರ್ಧ ದಿನ ಕೂರುತ್ತಾರೆ. ಬೆಳಕು ಎಲ್ಲಿಂದ ಬೀಳುತ್ತದೆ, ಗಿಡ್ಡ ಮುದುಕಿಗೆ ಎಷ್ಟನೇ ಸಾಲಿನವರೆಗೆ ಕಣ್ಣು ಎಟುಕುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಕಾಕನಕೋಟೆ ಕಡೆಯ ಒಂದು ಶಾಲೆಗೆ ಕಲ್ಲೇ ಬೇಡವೆಂದು ಬಿದಿರಿನ ಪಟ್ಟಿಗಳನ್ನು ಜೋಡಿಸಿ, ದುಡ್ಡು ಕೊಟ್ಟವರ ಜೊತೆಗೆ ಮಣ್ಣು ಹೊತ್ತವರ ಹೆಸರನ್ನೂ ಬರೆದರು. ಪಿರಿಯಾಪಟ್ಟಣದ ಒಂದು ಚಿಕಿತ್ಸಾಲಯದವರು ಹಿತ್ತಾಳೆ ಎಲೆಗಳ ಮರ ಮಾಡಿಕೊಡಿ, ಒಂದೊಂದು ಎಲೆಗೆ ಒಂದೊಂದು ಹೆಸರು, ಎಲೆ ಹೊಗೆಸೊಪ್ಪಿನದೇ ಆಗಿರಲಿ, ಕೊಟ್ಟವರೆಲ್ಲ ಅದನ್ನೇ ಬೆಳೆಯುವವರು ಅಂದರು. "ಕೆಮ್ಮೋರು ಬರೋ ಆಸ್ಪತ್ರೆಗೆ ಒಗೆಸೊಪ್ಪಾ ಸ್ವಾಮಿ?" ಎಂದು ಇವರು ಕೇಳಿದ್ದಕ್ಕೆ ಅವರೂ ಬಿದ್ದು ಬಿದ್ದು ನಕ್ಕರು. ಕೊನೆಗೆ ಹೊಂಗೆ ಎಲೆಗೆ ಒಪ್ಪಿಕೊಂಡರು.

ಇವರದ್ದು ಇನ್ನೊಂದು ಕಟ್ಟುನಿಟ್ಟು ಇತ್ತು. ಶುರುವಿನಲ್ಲಿ ಒಮ್ಮೆ ಕಮಿಟಿಯವರ ಚೀಟಿ ನಂಬಿ, ಬದುಕಿರುವ ಮನುಷ್ಯನೊಬ್ಬನ ಹೆಸರಿನ ಹಿಂದೆ ದಿವಂಗತ ಎಂದು ಕೆತ್ತಿಬಿಟ್ಟಿದ್ದರು. ಆತ ಅಂಗಡಿ ಬಾಗಿಲಿಗೆ ಬಂದು, "ನನ್ ತಿಥಿ ಊಟ ಯಾವತ್ತು ಕಣಪ್ಪ?" ಎಂದು ಕೇಳಿದ. ಕಲ್ಲಿಗೆ ಹತ್ತಿದ್ದನ್ನು ರಬ್ಬರ್ ಹಾಕಿ ಅಳಿಸುವುದಕ್ಕಾಗುತ್ತದೆಯೇ? ಅಂದಿನಿಂದ ಇವರು ಹೆಸರಿನ ಹಾಳೆ ಹಿಡಿದು ಒಬ್ಬೊಬ್ಬ ದಾನಿಯ ಮನೆಗೂ ಹೋಗುತ್ತಾರೆ. ಓದಲು ಬಂದವರು ಓದಿ ಸಹಿ ಹಾಕಬೇಕು. ಬಾರದವರಿಗೆ ಇವರೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಅದಾಗದೆ ಕಲ್ಲಿಗೆ ಉಳಿ ಮುಟ್ಟಿಸುವುದಿಲ್ಲ. ಆ ಹಾಳೆಗಳ ಫೈಲುಗಳೇ ನಮ್ಮ ಅಂಗಡಿಯಲ್ಲಿ ಒಂದು ಬೀರು ತುಂಬ ಇವೆ.

ಎರಡು ವರ್ಷದ ಹಿಂದೆ ಚುಂಚನಕಟ್ಟೆಯಿಂದ ಸ್ವಲ್ಪ ಮುಂದಿರುವ ಒಂದು ಊರಿನಲ್ಲಿ ಒಂದು ಟ್ರಸ್ಟಿನವರು ಸಮುದಾಯ ಭವನ ಕಟ್ಟಿಸಿದರು. ಊರಿನ ಹೆಸರು ಬೇಡ. ಭವನ ನಿಂತಿರುವುದು ಚಿಕ್ಕಸಿದ್ದಮ್ಮ ಅನ್ನುವ ಹೆಂಗಸಿನ ಹತ್ತು ಗುಂಟೆಯಲ್ಲಿ. ಅವರಪ್ಪ ಮದುವೆಯಲ್ಲಿ ಮಗಳ ಅರಿಶಿನ ಕುಂಕುಮಕ್ಕೆಂದು ಬಿಟ್ಟುಕೊಟ್ಟ ಗದ್ದೆ ಅದು. ಗಂಡ ಲಿಂಗಯ್ಯ ತೀರಿಹೋಗಿ ಬಹಳ ವರ್ಷವಾಗಿತ್ತು. ಮಕ್ಕಳಿಲ್ಲ. ಮೈದುನನ ಮನೆಯ ಹಿಂದಿನ ಕೋಣೆಯಲ್ಲಿ, ಅವರು ಇರು ಅಂದದ್ದಕ್ಕೆ ಇದ್ದರು. ತನ್ನದು ಅಂತ ಇದ್ದದ್ದು ಆ ಹತ್ತು ಗುಂಟೆಯೊಂದೇ, ಅದನ್ನೇ ಭವನಕ್ಕೆ ದಾನ ಕೊಟ್ಟಿದ್ದರು.

ಹಾಳೆ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, 'ಜಾಗ ಕೊಟ್ಟವರು: ಶ್ರೀಮತಿ ಚಿಕ್ಕಸಿದ್ದಮ್ಮ' ಎಂದಿತ್ತು. ಇವರು ಓದಿ ಹೇಳಿದರು. ಆಕೆ ಇನ್ನೊಂದು ಸಲ ಓದಿಸಿದರು.

"ಲಿಂಗಯ್ಯನ ಎಂಡ್ರು ಅಂತ ಆಕಿಲ್ವ?" ಎಂದು ಕೇಳಿದರು.

"ಆಕ್ಬೇಕಾ ಅಮ್ಮ?"

"ಬ್ಯಾಡ ಬುಡಪ್ಪ. ವೋಟರ್ ಚೀಟೀಲೂ ಅವ್ನೆ, ರೇಷನ್ ಕಾರ್ಡಲ್ಲೂ ಅವ್ನೆ. ಇದೊಂದ್ರಲ್ಲಿ ನಾನೊಬ್ಳೇ ಇರ್ತೀನಿ."

ಬಸ್ಸಿನಲ್ಲಿ ಬರುವಾಗ ಇವರು ಆ ಮಾತನ್ನೇ ಹೇಳಿಕೊಂಡು ಹಿಗ್ಗಿದರು. ನನಗೂ ಹೊಟ್ಟೆ ತುಂಬಿದಂತಾಗಿತ್ತು.

ವಾರ ಕಳೆಯುವುದರೊಳಗೆ ಟ್ರಸ್ಟಿನ ಅಧ್ಯಕ್ಷ ಶಿವಶಂಕರ್ ಕಾರಿನಲ್ಲಿ ಅಂಗಡಿಗೇ ಬಂದ. ಈತ ಭವನಕ್ಕೆ ಹೋಗುವ ದಾರಿಗೆಂದು ತನ್ನ ಜಮೀನಿನ ಅಂಚಿನಲ್ಲಿ ಒಂದು ಗಾಡಿ ಅಗಲದ ಜಾಗ ಬಿಟ್ಟಿದ್ದ. "ಜಾಗ ಕೊಟ್ಟವ್ರು ಅಂದ್ರೆ ನಾವೂ ತಾನೆ ನಂಜಣ್ಣ? ಮೇಲ್ಗಡೆ ನಮ್ಮಪ್ಪಾಜಿ ಎಸ್ರು ಬರ್ಲಿ. ಪುಟ್ಟಸ್ವಾಮಿಯವರ ಸ್ಮರಣಾರ್ಥ ಅಂತ ಆಕ್ಬುಡಿ" ಅಂದ.

"ಎಲ್ಡೂ ಆಕ್ತೀನಿ ಸಾರ್, ಒಂದರ ಕೆಳಗೊಂದು" ಅಂದರು ಇವರು.

"ನಮ್ಮಪ್ಪಾಜಿ ಎಸ್ರು ಕೆಳಗೆ ಆ ಮುದ್ಕಿದಾ? ಚೆನ್ನಾಗಿರುತ್ತೇನ್ರೀ? ಕೊನೇಲಿ ಊರಿನ ಸಮಸ್ತ ಮಹಿಳೆಯರು ಅಂತ ಒಂದು ಸಾಲಿದೆಯಲ್ಲ, ಅದ್ರಲ್ಲಿ ಅವಮ್ಮನೂ ಬಂದ್ಲು ಬುಡಿ. ಟ್ರಸ್ಟಿಂದು ಕೋಟೇಲೊಂದು, ಕೆ.ಆರ್. ನಗರದಲ್ಲೊಂದು ಬಿಲ್ಡಿಂಗ್ ಏಳ್ತಾ ಅವೆ. ಗ್ವಾಡೆ ಕೆಲ್ಸ ನಿಮಗೇ ಅಂದ್ಕೊಂಡಿದ್ದೆ. ಬ್ಯಾಡ ಅಂದ್ರೆ ಮೈಸೂರಲ್ಲಿ ಬೇಕಾದಷ್ಟು ಜನ ಅವ್ರೆ."

ಇವರು ನನ್ನ ಮುಖ ನೋಡಿದರು. ನಾನು ಕಂಪ್ಯೂಟರ್ ನೋಡಿದೆ. ಆಮೇಲೆ ಆ ಸಾಲು ತೆಗೆದು ಹೊಸ ಸಾಲು ಟೈಪ್ ಮಾಡಿದ್ದು ನನ್ನ ಇದೇ ಕೈ. ಗಂಡನ ಮೇಲೆ ಗೂಬೆ ಕೂರಿಸಿ ನಾನು ಸಾಚಾ ಅನ್ನಿಸಿಕೊಳ್ಳುವುದಕ್ಕೆ ಇದನ್ನು ಹೇಳುತ್ತಿಲ್ಲ. ಆದರೂ ಒಳಗೊಳಗೆ ಒಂದು ಧೈರ್ಯವಿತ್ತು. ಬದಲಾದ ಹಾಳೆಗೆ ಆಕೆಯ ಹೆಬ್ಬೆಟ್ಟು ಬೀಳದೆ ಇವರು ಕೆತ್ತುವುದಿಲ್ಲ, ಓದಿ ಹೇಳಿದರೆ ಆಕೆ ಒತ್ತುವುದಿಲ್ಲ, ಅಲ್ಲಿಗೆ ಕತೆ ಮುಗಿಯಿತು ಅಂದುಕೊಂಡಿದ್ದೆ.

ಮಾರನೆಯ ದಿನ ಇವರೊಬ್ಬರೇ ಹೋಗಿ ಬಂದರು. ಹಾಳೆಯ ಮೇಲೆ ಹೆಬ್ಬೆಟ್ಟಿನ ಗುರುತಿತ್ತು.

"ಒಪ್ಪಿದ್ರಾ?" ಅಂದೆ.

ಇವರು ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟರು.

"ಏನಂತ ಓದಿ ಹೇಳಿದ್ರಿ?"

"ಮೊದ್ಲು ಎಂಗಿತ್ತೋ ಅಂಗೇ ಓದ್ದೆ ಕಣೆ" ಅಂದರು.

ನಾನು ಎದೆ ಬಡಿದುಕೊಂಡು ಕೂಗಾಡಿದೆ. ಓದು ಬರುವವರಿಗೆ ಮೋಸ ಮಾಡಿದ್ದರೆ ಅವರು ಕಣ್ಣು ಬಿಟ್ಟು ನೋಡಿಯಾದರೂ ಬಯ್ಯುತ್ತಿದ್ದರು, ಈ ಹೆಂಗಸಿಗೆ ನಿಮ್ಮ ಬಾಯೇ ಕಣ್ಣಾಗಿತ್ತಲ್ಲ, ಮನುಷ್ಯರೇನ್ರೀ ನೀವು ಅಂದೆ. ಇವರು ಆ ಹಾಳೆಗೆ ತೂತು ಹೊಡೆದು ಫೈಲಿಗೆ ಹಾಕಿದರು. ಕಟ್ಟುನಿಟ್ಟು ಮುರಿಯಲಿಲ್ಲವಂತೆ! ಎರಡು ದಿನ ನಾನು ಇವರಿಗೆ ಅನ್ನ ಬಡಿಸಲಿಲ್ಲ. ಮೂರನೆಯ ದಿನ ಬಡಿಸಿದೆ. ಗೋಡೆ ಸಿದ್ಧವಾಯಿತು.

ಭವನದ ಉದ್ಘಾಟನೆಗೆ ಚಿಕ್ಕಸಿದ್ದಮ್ಮ ಹೊಸ ಸೀರೆ ಉಟ್ಟು ಬಂದಿದ್ದರು. ಭಾಷಣ, ಹಾರ, ಶಾಲು ಎಲ್ಲ ವೇದಿಕೆಯ ಮೇಲಿನವರಿಗೆ ಆಯಿತು. ಜನ ಊಟಕ್ಕೆ ನುಗ್ಗಿದಾಗ ಆಕೆ ಮೆಲ್ಲಗೆ ಗೋಡೆಯ ಹತ್ತಿರ ಬಂದು, "ಯಾವುದಪ್ಪ ನಂದು?" ಎಂದು ಇವರನ್ನು ಕೇಳಿದರು. ಆಗಲಾದರೂ ಬಾಯಿ ಬಿಡುತ್ತಾರೆ ಅಂದುಕೊಂಡೆ. ಇವರು ಆಕೆಯ ತೋರುಬೆರಳು ಹಿಡಿದು ಎಲ್ಲಕ್ಕಿಂತ ಮೇಲಿನ ಸಾಲಿನ ಮೇಲೆ ಇಟ್ಟರು. ಆಕೆ ಒಂದೊಂದು ಅಕ್ಷರವನ್ನೂ ಸವರಿದರು, ಶಿವಶಂಕರನ ಅಪ್ಪನ ಹೆಸರನ್ನು ಕೊನೆಯವರೆಗೂ ಸವರಿದರು. "ಉದ್ದಕೆ ಅದೆ ನನ್ ಎಸ್ರು" ಅಂದು ನಕ್ಕರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಊಟ ಮಾಡದೆ ಬಸ್ ಸ್ಟ್ಯಾಂಡಿಗೆ ಬಂದು ಕೂತೆ.

ಕೋಟೆಯ ಕೆಲಸ ಬಂತು, ಕೆ.ಆರ್. ನಗರದ್ದೂ ಬಂತು. ಇವರಿಗೆ ಒಳ್ಳೆಯ ಹೆಸರೂ ಬಂತು. ನಾನು ಟೈಪ್ ಮಾಡಿದೆ, ಮತ್ತೇನು ಮಾಡಲಿ?

ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಒಂದು ಮಧ್ಯಾಹ್ನ ಚಿಕ್ಕಸಿದ್ದಮ್ಮ ಎರಡು ಬಸ್ಸು ಬದಲಾಯಿಸಿ ನಮ್ಮ ಅಂಗಡಿಗೆ ಬಂದರು. ಕೂರಿ ಅಂದರೆ ಕೂತರು. ನೀರು ಕೊಟ್ಟೆ, ಮುಟ್ಟಲಿಲ್ಲ.

"ವಾರವಾರ ಓಗಿ ಸೆರಗಲ್ಲಿ ಒರಸ್ತಿದ್ದೆ ಕಣವ್ವ, ಧೂಳು ಕೂರದೆ ಇರ್ಲಿ ಅಂತ" ಅಂದರು, ನನ್ನ ಕಡೆ ತಿರುಗಿ. "ಮೊನ್ನೆ ಮದ್ವೆಗೆ ಬಂದಿದ್ದ ಸೌಂದರ್ಯ ಅನ್ನೋ ಐಸ್ಕೂಲ್ ಮಗ ನೋಡ್ಬುಟ್ಟು ಕೇಳ್ತು, ಪುಟ್ಟಸ್ವಾಮಿ ತಾತ ನಿಂಗೇನಾಗ್ಬೇಕಜ್ಜಿ ಅಂತ. ಸುತ್ತ ಇದ್ದೋರೆಲ್ಲ ಬಾಯಿ ಮುಚ್ಕೊಂಡು ನಕ್ರು. ಅವ್ರಿಗೆಲ್ಲ ಗೊತ್ತಿತ್ತು. ನಂಗೊಬ್ಳಿಗೇ ಗೊತ್ತಿರ್ನಿಲ್ಲ."

ಇವರು ಕುರ್ಚಿಯಿಂದ ಎದ್ದು ಗೋಡೆಗೆ ಒರಗಿ ನಿಂತಿದ್ದರು.

"ಆ ಶಿವಶಂಕ್ರ ನನ್ ಎಸ್ರು ತಗ್ಸುದ್ದುಕ್ಕೆ ನಂಗೆ ಬ್ಯಾಸ್ರ ಇಲ್ಲ ಕಣಪ್ಪ. ಅವ್ರು ಯಾವತ್ತಿದ್ರೂ ತಗಳೋರೇಯ" ಅಂದರು ಚಿಕ್ಕಸಿದ್ದಮ್ಮ. "ನನ್ ಬೆಟ್ಟು ಇಡ್ಕೊಂಡು ಅವರಪ್ಪನ ಎಸ್ರ ಮ್ಯಾಕೆ ಇಕ್ಕುದ್ದು ನೀನಲ್ವ? ಈ ಬೆಟ್ಟುನ್ನ ಏನ್ಮಾಡ್ಕೊಳ್ಳಿ ನಾನು?"

ಇವರು ಗಳಗಳನೆ ಅತ್ತುಬಿಟ್ಟರು. ಕಾಲಿಗೆ ಬೀಳಲು ಹೋದರು, ಆಕೆ ಕಾಲು ಹಿಂದಕ್ಕೆ ಎಳೆದುಕೊಂಡರು. "ತಪ್ಪಾಯ್ತು ಕಣಮ್ಮ. ಒಳ್ಳೆ ಕಲ್ಲು ತತ್ತೀನಿ, ನಿಮ್ಮೊಬ್ರದ್ದೇ ಎಸ್ರು, ಅಷ್ಟಗಲ ಬರೀತೀನಿ. ನಾಳೇನೆ ತಂದು ನಿಲ್ಲುಸ್ಕೊಡ್ತೀನಿ" ಅಂದರು.

ಆಕೆ ನಿಜವಾಗಿಯೂ ಯೋಚನೆ ಮಾಡಿದ ಹಾಗಿತ್ತು.

"ತಂದು ಎಲ್ಲಿ ನಿಲ್ಲುಸ್ತೀಯಪ್ಪ?" ಅಂದರು. "ನಂದು ಅಂತ ಎಲ್ ಅದೆ ಜಾಗ?"

ಆಕೆ ಮೂರು ಗಂಟೆಯ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೊರಟರು.