ಐದು ಯಂತ್ರಗಳ ನಡುವೆ ಒಂದು ಮದುವೆ ಕಾಗದ

ಇವತ್ತು ಬೆಳಗ್ಗೆ ಲ್ಯಾಪ್‌ಟಾಪಿನ ಚಾರ್ಜರ್ ಹುಡುಕುತ್ತ ಮೇಜಿನ ಡ್ರಾಯರ್ ಎಳೆದೆ. ಒಂದು ವಯರಿನ ತುದಿ ಹಿಡಿದರೆ ಅದರ ಬೆನ್ನಿಗೆ ಇಡೀ ಸಂಸಾರವೇ ಎದ್ದು ಬಂತು. ಅಂಗಡಿಯ ದೊಡ್ಡ ಕಂಪ್ಯೂಟರ್, ಮನೆಯ ಲ್ಯಾಪ್‌ಟಾಪ್, ಮಣಿಪಾಲದಲ್ಲಿ ಆಫರ್ ಕಂಡು ಮರುಳಾಗಿ ಕೊಂಡ ಟ್ಯಾಬ್, ಮೇಲೆ ಎರಡು ಫೋನ್, ಎಲ್ಲದರ ವಯರೂ ಅಲ್ಲಿತ್ತು. ಯಂತ್ರ ಐದು, ಕೆಲಸ ಮಾಡುವವನು ನಾನೊಬ್ಬ. ಉಡುಪಿಯ ಒಂದು ಓಣಿಯಲ್ಲಿ ಕುಳಿತು ಮದುವೆಗೆ ಕರೆಯುವ ಕಾಗದಗಳನ್ನು ಸಿದ್ಧಪಡಿಸಿ ಪ್ರೆಸ್ಸಿಗೆ ಕಳಿಸುವುದು ನನ್ನ ಕಸುಬು. ಇಷ್ಟಕ್ಕೆ ಐದು ಬೇಕೇ ಎಂದು ನೀವು ಕೇಳಬಹುದು. ಹೋದ ವಾರದವರೆಗೂ ಬೇಕೆಂದೇ ವಾದಿಸುತ್ತಿದ್ದೆ.

ಹೋದ ವಾರ ಆದದ್ದನ್ನು ಹೇಳಿಬಿಡುತ್ತೇನೆ. ಮಟ್ಟುವಿನ ಗಿರಿಜಕ್ಕನ ಮಗಳಿಗೆ ಮದುವೆ. ದೋಣಿಯಿರುವ ಮನೆ, ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನವರು. ಅಲ್ಲಿ ಮದುವೆಗೆ ಕರೆಯುವವರು ತಂದೆಯಲ್ಲ, ಹುಡುಗಿಯ ಸೋದರಮಾವ. ಆ ಮಾವ, ಅಂದರೆ ಗಿರಿಜಕ್ಕನ ಅಣ್ಣ ಶೀನಣ್ಣ, ಕಾಗದ ಅಚ್ಚಿಗೆ ಹೋಗುವ ಮೊದಲೇ ಒಂದು ದಿನ ಎದೆನೋವೆಂದು ಕುಳಿತವರು ಏಳಲಿಲ್ಲ. ಮದುವೆ ಮುಂದಕ್ಕೆ ಹೋಯಿತು, ಅವರ ಹೆಸರಿನ ಕರಡು ನನ್ನ ಯಂತ್ರಗಳಲ್ಲಿ ಉಳಿಯಿತು. ಕೆಲವು ತಿಂಗಳು ಕಳೆದು, ಹೋದ ವಾರ ಹೊಸ ದಿನಾಂಕ ತಿಳಿಸಿದರು, ಅಂಗಡಿಯ ಕಂಪ್ಯೂಟರಿನಲ್ಲಿ ತಿದ್ದಿದೆ. ಇನ್ನು ಕರೆಯುವವರು ಚಿಕ್ಕ ಮಾವ ಎಂದು ಅದೇ ಸಂಜೆ ಫೋನಿಗೆ ಹೆಸರು ಬಂತು, ಅದನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ತಿದ್ದಿದೆ. ಮರುದಿನ ಪ್ರೆಸ್ಸಿಗೆ ಹೋದದ್ದು ಅಂಗಡಿಯ ಕಂಪ್ಯೂಟರಿನದು. ದಿನಾಂಕ ಹೊಸದು, ಕರೆಯುವವರು ಮಾತ್ರ ತೀರಿಹೋದ ಶೀನಣ್ಣ.

ಕಟ್ಟು ಬಿಚ್ಚಿದ ಗಿರಿಜಕ್ಕ ಫೋನ್ ಮಾಡಿದರು. "ಇದರಲ್ಲಿ ಅಣ್ಣನ ಹೆಸರು ಉಂಟಲ್ಲ" ಎಂದರು. ಅಷ್ಟೇ ಹೇಳಿ ಇಟ್ಟುಬಿಟ್ಟರು. ಬೈದಿದ್ದರೆ ಒಳ್ಳೆಯದಿತ್ತು.

ಕಾರ್ಕಳದ ನನ್ನ ಷಡ್ಡಕರಿಗೆ ಎಲ್ಲದಕ್ಕೂ ಮದ್ದು ಗೊತ್ತು. "ಎಂತ ಭಾವ, ಐದು ಇರುವುದು ತಪ್ಪಲ್ಲ. ಎಲ್ಲವನ್ನೂ ಕ್ಲೌಡಿಗೆ ಹಾಕಿಬಿಡಿ, ಐದರಲ್ಲೂ ಒಂದೇ ಕಾಣ್ತದೆ" ಎಂದರು. ಹಾಗೆ ಹಾಕಿಯೂ ಇದ್ದೆ. ಯಾವ ಫೋನಿನಿಂದ, ಯಾವ ಪಾಸ್‌ವರ್ಡಿನಲ್ಲಿ ಎಂಬುದು ಮಾತ್ರ ನೆನಪಿರಲಿಲ್ಲ.

ನೆನಪಾದದ್ದು ಹಮೀದಾಕ. ಕಾಪುವಿನಲ್ಲಿ ನನಗೆ ಈ ಕೆಲಸ ಕಲಿಸಿದವರು. ಮನೆಯಲ್ಲಿ ಬ್ಯಾರಿ ಭಾಷೆ, ಬೀದಿಯಲ್ಲಿ ತುಳು, ಅಂಗಡಿಯ ಮೆಟ್ಟಿಲು ಹತ್ತಿದರೆ ಅಚ್ಚುಕಟ್ಟಾದ ಕನ್ನಡ. ಇದ್ದದ್ದು ಒಂದೇ ಕಂಪ್ಯೂಟರ್. ಅದಕ್ಕೆ ಅವರ ಹೆಂಡತಿ ಪರದೆಯ ಬಟ್ಟೆಯಲ್ಲಿ ಹೊಲಿದ ಗವುಸು, ಅದರ ಮುಂದೆ ಹೋಗಲು ಚಪ್ಪಲಿ ಹೊರಗೆ. ದುಬೈಯಲ್ಲಿದ್ದ ಅವರ ಭಾವ ಇನ್ನೊಂದು ಕಳಿಸುತ್ತೇನೆ ಎಂದಾಗ ಬೇಡವೆಂದರು. ಯಾಕೆ ಬೇಡವೆಂದಿರಿ ಎಂದು ನಾನು ಕೇಳಿದೆ. "ಎಂತಕ್ಕೆ ಮಾರಾಯ? ಕಣ್ಣು ಎರಡು ಉಂಟು, ನೋಡುವುದು ಒಂದನ್ನೇ ಅಲ್ವಾ?" ಎಂದು ನಕ್ಕರು.

ಯಂತ್ರ ಒಂದೇ ಆದದ್ದರಿಂದ ಬಂದವರು ಬೆಂಚಿನಲ್ಲಿ ಕಾಯಬೇಕಿತ್ತು. ಕರಡು ತಯಾರಾದ ಮೇಲೆ ಹಮೀದಾಕ ಎದ್ದು ನಿಂತು, ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಮನೆಯವರ ಮುಂದೆ ಒಂದೊಂದೇ ಹೆಸರು ಓದುತ್ತಿದ್ದರು. ಮನೆಯವರು "ಉಂಟು, ಉಂಟು" ಎನ್ನಬೇಕಿತ್ತು. ಒಮ್ಮೆ ಪೆರ್ಡೂರಿನ ಅಣ್ಣತಮ್ಮಂದಿರಿಬ್ಬರು ಯಾರ ಹೆಸರು ಮೇಲೆ ಬರಬೇಕೆಂದು ಅಲ್ಲೇ ಜಗಳಕ್ಕೆ ನಿಂತರು. ಹಮೀದಾಕ ಹಾಗೊಮ್ಮೆ ಹೀಗೊಮ್ಮೆ ಓದಿ ತೋರಿಸಿದರು. ಬೆಂಚಿನ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮೀನಿನ ಹೆಂಗಸೊಬ್ಬಳು, "ಅದೆಲ್ಲ ಇರಲಿ ಮಾರಾಯ್ರೆ, ಮದುಮಗಳ ಹೆಸರು ಎಲ್ಲುಂಟು?" ಎಂದಳು. ನೋಡಿದರೆ ನಿಜವಾಗಿಯೂ ಇರಲಿಲ್ಲ. ಟೈಪು ಮಾಡಿದ ಮಹಾನುಭಾವ ನಾನೇ.

ಆ ನಿಧಾನವನ್ನು ನನಗೆ ಸಹಿಸಲಾಗಲಿಲ್ಲ. ಸ್ವಂತ ಅಂಗಡಿ ಇಡಲು ಉಡುಪಿಗೆ ಹೊರಟಾಗ, "ಒಂದನ್ನೇ ನಂಬಿದರೆ ಹಿಂದೆ ಬೀಳ್ತೀರಿ ಹಮೀದಾಕ" ಎಂದು ಬುದ್ಧಿ ಹೇಳಿದೆ. "ಆಯಿತು. ಹಿಂದೆ ಇದ್ದರೆ ಮುಂದೆ ಹೋಗುವವರ ಬೆನ್ನಾದರೂ ಕಾಣ್ತದೆ" ಎಂದರು. ಈಗ ಅವರಿಲ್ಲ. ಆ ಅಂಗಡಿಯಿದ್ದಲ್ಲಿ ಮೊಬೈಲ್ ರಿಪೇರಿಯವರಿದ್ದಾರೆ. ನನ್ನಲ್ಲಿಗೆ ಈಗ ಯಾರೂ ಬಂದು ಕೂರುವುದಿಲ್ಲ. ಎಲ್ಲವೂ ಫೋನಿನಲ್ಲಿ ಬರುತ್ತದೆ, ನೋಡಿದವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸುತ್ತಾರೆ. ಆ ಬೆಂಚಿನ ಗದ್ದಲ ನನಗೆ ಬೇಕಾಗಿದೆ ಎಂದು ಹೇಳಲು ಈಗ ನಾಚಿಕೆಯಿಲ್ಲ.

ಮಧ್ಯಾಹ್ನ ಹೊಸದಾಗಿ ಅಚ್ಚಾದ ಕಾಗದಗಳನ್ನು ಸ್ಕೂಟರಿನಲ್ಲಿಟ್ಟುಕೊಂಡು ಮಟ್ಟುವಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸುತ್ತಿದ್ದೆ. ಗಿರಿಜಕ್ಕ ಜಗಲಿಯಲ್ಲಿ ಕೂರಿಸಿ, ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟು, ಹೊಸ ಕಾಗದವನ್ನು ಬೆರಳಿಟ್ಟು ಸಾಲುಸಾಲಾಗಿ ಓದಿದರು. "ಸರಿ ಉಂಟು" ಎಂದರು.

"ತಪ್ಪಾಯಿತು ಗಿರಿಜಕ್ಕ. ಆ ಹಳೆಯ ಕಟ್ಟು ಕೊಡಿ, ನಾನೇ ಸುಟ್ಟುಬಿಡುತ್ತೇನೆ. ಇಲ್ಲಿ ಇರುವುದು ಬೇಡ" ಎಂದೆ.

ಅವರು ಒಳಗಿನಿಂದ ಕಟ್ಟು ತಂದರು. ಕೊಡುವ ಮೊದಲು ಅದರಿಂದ ಒಂದು ಕಾಗದ ಎಳೆದು ಸೆರಗಿನಲ್ಲಿ ಒರೆಸಿಕೊಂಡರು.

"ಉಳಿದದ್ದು ತೆಗೆದುಕೊಂಡು ಹೋಗಿ. ಇದೊಂದು ನನಗೆ ಇರಲಿ. ಇವಳ ಮದುವೆಗೆ ನಾನೇ ಕರೆಯುವುದು ಅಂತ ಅಣ್ಣ ಇವಳು ಹುಟ್ಟಿದಂದಿನಿಂದ ಹೇಳ್ತಾ ಇದ್ದರು. ಕರೆದ ಹಾಗೆ ಆಯಿತಲ್ಲ?"

ಉಳಿದ ಕಟ್ಟನ್ನು ಸ್ಕೂಟರಿನಲ್ಲಿಟ್ಟುಕೊಂಡು ಉಡುಪಿಗೆ ಮರಳಿದೆ.

ಈಗ ಅಂಗಡಿಯಲ್ಲಿ ಕುಳಿತಿದ್ದೇನೆ. ಇನ್ನು ಒಂದು ಕಂಪ್ಯೂಟರ್, ಒಂದು ಫೋನ್, ಅಷ್ಟೇ ಎಂದು ತೀರ್ಮಾನಿಸಿ ಉಳಿದ ಮೂರನ್ನೂ ಖಾಲಿ ಮಾಡಿದೆ. ದೊಡ್ಡ ಕಂಪ್ಯೂಟರಿನಲ್ಲೂ ಹಳೆಯ ಕರಡುಗಳನ್ನೆಲ್ಲ ಅಳಿಸುತ್ತ ಬಂದೆ. ಶೀನಣ್ಣ ಕರೆಯುವ ಕಾಗದ ಬಂದಾಗ ಅದೊಂದನ್ನು ಅಳಿಸದೆ ಬಿಟ್ಟೆ. ಮದುವೆ ಮುಗಿಯುವವರೆಗಾದರೂ ಅವರು ಕರೆಯುತ್ತಿರಲಿ.