ಒಲಿಂಪಿಯಾದಲ್ಲಿ ಬೆಂಚು ಇರಲಿಲ್ಲ

ಕೊಲ್ಲಿ ನಾಡಿನ ಈ ಸೆಗಯಾದ ಮರಗೆಲಸದ ಅಂಗಡಿಯಲ್ಲಿ ನಾನು ಹೆಚ್ಚಾಗಿ ಮಾಡುವುದು ಮಜ್ಲಿಸಿನ ಬೆಂಚು. ಅತಿಥಿಗಳನ್ನು ಕೂರಿಸುವ ಆ ಕೋಣೆಗೆ ಇಲ್ಲಿಯವರಿಗೆ ಗೋಡೆಯುದ್ದಕ್ಕೂ ಬೆಂಚು ಬೇಕು. ಜನ ಸೇರುವಲ್ಲೆಲ್ಲ ಆಸನ ಇರಲೇಬೇಕೆಂದು ನನ್ನ ಕೈಗೇ ಅಭ್ಯಾಸವಾಗಿಬಿಟ್ಟಿದೆ.

ಏಳನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಗ್ರೀಸಿನ ಒಲಿಂಪಿಯಾದ ಹಳೆಯ ಕ್ರೀಡಾಂಗಣದ ಮಾದರಿ ತರಲು ಹೇಳಿದ್ದರು. ಓದುವುದು ಅವಳು, ಕಟ್ಟುವುದು ನಾನು ಎಂದು ಮಾತಾಯಿತು. ಓಟದ ಹಾದಿ, ಎರಡೂ ತುದಿಗೆ ಕಲ್ಲಿನ ಗೆರೆ, ಓಟಗಾರರು ಕಾಲ್ಬೆರಳು ಊರಲು ಅದರಲ್ಲಿ ಕೊರೆದ ಗೀರು, ಇಷ್ಟನ್ನು ಅವಳು ಹೇಳಿದಂತೆಯೇ ಮಾಡಿದೆ. ಉಳಿದದ್ದನ್ನು ಕೇಳಲೇ ಇಲ್ಲ. ಸುತ್ತ ಸಾಲುಸಾಲು ಬೆಂಚು ಜೋಡಿಸಿ, ಪಾಲಿಶ್ ಹೊಡೆದು, ಶನಿವಾರ ಸಂಜೆ ಗುದೈಬಿಯಾದ ಮನೆಗೆ ತಂದೆ. ಇಲ್ಲಿ ಭಾನುವಾರವೂ ಶಾಲೆ; ಮರುದಿನ ಬೆಳಿಗ್ಗೆಯೇ ಒಪ್ಪಿಸಬೇಕು.

ಮಗಳ ಮುಖ ಸಪ್ಪಗಾಯಿತು. “ಪಪ್ಪಾ, ಅಲ್ಲಿ ಸೀಟೇ ಇರ್ಲಿಲ್ಲ. ಎಲ್ರೂ ಮಣ್ಣಿನ ಸ್ಲೋಪಲ್ಲಿ ಕೂತದ್ದು. ಟೀಚರ್ ಮೊದ್ಲು ನೋಡುದೇ ಅದನ್ನು. ಮಾರ್ಕ್ಸ್ ಹೋಯ್ತು ನಂದು.”

“ಎಂತ ಮಾತಾಡ್ತಿ? ಅಷ್ಟು ಸಾವಿರ ಜನ ಬರುವಾಗ ಕೂರ್ಲಿಕ್ಕೆ ವ್ಯವಸ್ಥೆ ಬೇಡ್ವಾ?”

ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದ ಹೆಂಡತಿ ಅಲ್ಲಿಂದಲೇ ಕೇಳಿದಳು: “ನೀವು ಕಂಬಳಕ್ಕೆ ಹೋಗುವಾಗ ಮನೆಯಿಂದ ಬೆಂಚು ಹೊತ್ಕೊಂಡು ಹೋಗ್ತಿದ್ರಾ ಮಾರಾಯ್ರೆ?”

ಕೋಣಗಳ ಓಟ ನೋಡಲು ಗದ್ದೆಯ ಬದುವಿನ ಮೇಲೆ ಇಡೀ ದಿನ ಕೂತವನೇ ನಾನು. ಒಂದು ಸಲವಾದರೂ ಸೊಂಟ ನೋವೆಂದದ್ದು ನೆನಪಿಲ್ಲ.

ಉಳಿ ತೆಗೆದೆ. ಎರಡು ಸಂಜೆಯ ಕೆಲಸ ಅರ್ಧ ಗಂಟೆಯಲ್ಲಿ ಕಿತ್ತುಬಂತು. ಆ ಜಾಗಕ್ಕೆ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ, ಇಳಿಜಾರಾಗಿ ಮೆತ್ತಿದೆವು. ಮೆತ್ತುತ್ತ ಮಗಳು ಕತೆ ಹೇಳಿದಳು. ಆಟಗಳು ನಿಂತ ಮೇಲೆ ಹೊಳೆಯ ನೆರೆ ಮಣ್ಣು ತಂದು ತಂದು ಕ್ರೀಡಾಂಗಣವನ್ನೇ ಮುಚ್ಚಿತಂತೆ. ಎಷ್ಟೋ ಶತಮಾನದ ನಂತರ ಅಗೆದು ತೆಗೆದರಂತೆ. ದೇವಿಯ ಪೂಜೆ ಮಾಡುವ ಒಬ್ಬಾಕೆಯನ್ನು ಬಿಟ್ಟರೆ ಮದುವೆಯಾದ ಹೆಂಗಸರಿಗೆ ಆಟದ ದಿನ ಪ್ರವೇಶವಿರಲಿಲ್ಲವಂತೆ.

“ಒಳ್ಳೇದೇ ಆಯ್ತು,” ಎಂದಳು ಹೆಂಡತಿ. “ಗಂಡಸ್ರೆಲ್ಲ ಅಲ್ಲಿ, ಮನೆ ತಣ್ಣಗೆ.”

ಕಿತ್ತ ರಾಶಿಯಿಂದ ಮಗಳು ಒಂದು ತುಂಡು ಹೆಕ್ಕಿದಳು. “ಇದು ಇರ್ಲಿ. ಜಡ್ಜಸ್‌ಗೆ ಮಾತ್ರ ಕಲ್ಲಿನ ಸೀಟ್ ಇತ್ತು.” ಅದನ್ನು ದಕ್ಷಿಣದ ದಿಬ್ಬದಲ್ಲಿ ಒತ್ತಿ ಕೂರಿಸಿದಳು.

ಮರುದಿನ ನಾನು ಕೆಲಸದಿಂದ ಬರುವಾಗ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. “ಫುಲ್ ಮಾರ್ಕ್ಸ್ ಪಪ್ಪಾ! ಬೇರೆ ಮೂರು ಜನ ಸೀಟ್ ಮಾಡಿ ತಂದಿದ್ರು.”

“ಅವರ ಪಪ್ಪಂದಿರೂ ಕಾರ್ಪೆಂಟರಾ?”

“ಇಲ್ಲ, ಎಂಜಿನಿಯರ್ಸ್.”

ಆವತ್ತು ಚಹಾಕ್ಕೆ ನಾನು ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿಕೊಂಡೆ.